ಉಮಾಶಂಕರನ ಎಡಗೈ ಹೆಬ್ಬೆಟ್ಟು

ಇದು ಯಾರೋ ಎಲ್ಲೋ ಹೇಳಿದ್ದಲ್ಲ. ನಮ್ಮ ಹಿಂದಿನ ಬೀದಿಯ ಉಮಾಶಂಕರನಿಗೇ ಆದದ್ದು. ನಮ್ಮ ಕಡೆ ಏರ್‌ಪೋರ್ಟ್ ಶುರುವಾಗಿ ನಾಲ್ಕೈದು ವರ್ಷ ಆಗಿತ್ತು, ಅಷ್ಟೇ.

ಆ ರಾತ್ರಿ ಹನ್ನೊಂದು ದಾಟಿತ್ತು. ತೂಬಗೆರೆ ರಸ್ತೆಯ ಕ್ರಾಸಿನಲ್ಲಿ ಬಸ್ ಇಳಿದು ಉಮಾಶಂಕರ ಊರ ಕಡೆ ನಡೆದು ಬರುತ್ತಿದ್ದ. ಬಾಶೆಟ್ಟಿಹಳ್ಳಿಯ ಒಂದು ಫ್ಯಾಕ್ಟರಿಯಲ್ಲಿ ಅವನು ಹಾಜರಿ, ಸಂಬಳದ ಲೆಕ್ಕ ಬರೆಯುವ ಟೈಮ್ ಆಫೀಸ್ ಗುಮಾಸ್ತ. ತಗಡಿನಲ್ಲಿ ಡಬ್ಬಿ ಮುಚ್ಚಳ ಒತ್ತುವ ಫ್ಯಾಕ್ಟರಿ. ಸಂಬಳ ಅಷ್ಟಕ್ಕಷ್ಟೇ, ಗತ್ತು ಮಾತ್ರ ಮಾಲೀಕನಿಗಿಂತ ಜಾಸ್ತಿ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ಆ ಜಾತಿಯ ಪೂಜಾರಿ. ಅವತ್ತು ಮಾಲೀಕ ಅವನಿಗೆ ಬಿರಿಯಾನಿ ತಿನ್ನಿಸಿ, ಎರಡು ಪೆಗ್ ಹಾಕಿಸಿ ಕಳಿಸಿದ್ದ. ಬೆಳಗಾದರೆ ಕೋರ್ಟಿನಲ್ಲಿ ಉಮಾಶಂಕರ ಸುಳ್ಳು ಸಾಕ್ಷಿ ಹೇಳಬೇಕಿತ್ತು.

ವಿಷಯ ಇಷ್ಟು. ಆಂಜಿನಪ್ಪ ಅಂತ ಒಬ್ಬ ಪ್ರೆಸ್ ಮಿಷಿನ್ನಿನಲ್ಲಿ ಕೆಲಸ ಮಾಡುತ್ತಿದ್ದ. ಕಾಲಲ್ಲಿ ಪೆಡಲ್ ತುಳಿದರೆ 'ಟಕ್', ಮೇಲಿಂದ ಅಚ್ಚು ಬಿದ್ದರೆ 'ಧಡ್'. ಕೈ ಒಳಗೆ ಹೋಗದ ಹಾಗೆ ಒಂದು ಜಾಲರಿ ಇತ್ತು. ಕೆಲಸ ನಿಧಾನ ಆಗುತ್ತೆ ಅಂತ ಮಾಲೀಕ ಅದನ್ನು ಬಿಚ್ಚಿಸಿದ್ದ. ಒಂದು ದಿನ ಆಂಜಿನಪ್ಪನ ಎಡಗೈ ಮಣಿಕಟ್ಟಿನವರೆಗೆ ಹೋಯಿತು. ನಂಜೇರಿ ಒಂಬತ್ತನೇ ದಿನ ಆಸ್ಪತ್ರೆಯಲ್ಲಿ ಸತ್ತ.

ಹೆಂಡತಿ ಪಾಪಕ್ಕ ಪರಿಹಾರ ಕೇಳಲು ಬಂದಳು. ಉಮಾಶಂಕರ ಅವಳನ್ನು ಎರಡು ಗಂಟೆ ಬಾಗಿಲಲ್ಲೇ ನಿಲ್ಲಿಸಿದ. ಆಮೇಲೆ ತಲೆ ಎತ್ತದೆ ಅಂದ:

"ತಪ್ಪು ನಿನ್ ಗಂಡಂದೇ ಕಣಮ್ಮ. ಗ್ಯಾನ ಎಲ್ಲೋ ಮಡಿಕ್ಕೊಂಡು ಕೈ ಕೊಟ್ಟ. ತಪ್ಪು ಮಾಡ್ದೋರಿಗೆಲ್ಲ ಪರಿಹಾರ ಬರಲ್ಲ, ಹೋಗು."

ಶುದ್ಧ ಸುಳ್ಳು. ಕೆಲಸ ಮಾಡುವಾಗ ಆದ ಗಾಯದಿಂದ ಜೀವ ಹೋಯಿತು ಅಂತ ತೋರಿಸಿದರೆ ಸಾಕು, ತಪ್ಪು ಯಾರದೇ ಇರಲಿ, ಪರಿಹಾರ ಕೊಡಲೇಬೇಕು. ಇದು ಉಮಾಶಂಕರನಿಗೆ ಚೆನ್ನಾಗಿ ಗೊತ್ತಿತ್ತು. ಪಾಪಕ್ಕನೂ ಒಬ್ಬ ಲಾಯರನ್ನು ಹಿಡಿದು ಅದನ್ನು ತಿಳಿದುಕೊಂಡಳು, ಕೇಸು ಹಾಕಿದಳು.

ಇನ್ನು ಉಳಿದದ್ದು ಒಂದೇ ದಾರಿ. ಗಾಯ ಫ್ಯಾಕ್ಟರಿಯಲ್ಲಿ ಆಗಲೇ ಇಲ್ಲ ಅನ್ನಬೇಕು. ಉಮಾಶಂಕರ ಕೂತು, ಸತ್ತ ಆಂಜಿನಪ್ಪನ ಹೆಸರಿನಲ್ಲಿ ಒಂದು ಹೇಳಿಕೆ ಬರೆದ. 'ನಾನು ಮನೆಯಲ್ಲಿ ಹಸುವಿಗೆ ಮೇವು ಕತ್ತರಿಸುವಾಗ ಯಂತ್ರಕ್ಕೆ ಸಿಕ್ಕಿ ನನ್ನ ಎಡಗೈ ತುಂಡಾಗಿರುತ್ತದೆ.' ಆಂಜಿನಪ್ಪ ಆಸ್ಪತ್ರೆಯಲ್ಲಿದ್ದ ಮೂರನೇ ದಿನದ ತಾರೀಕು ಹಾಕಿದ. ಆಂಜಿನಪ್ಪನಿಗೆ ಓದು ಬರಹ ಇರಲಿಲ್ಲ, ಹೆಬ್ಬೆಟ್ಟು ಬೇಕು. ತನ್ನದನ್ನೇ ಒತ್ತಿದ. ಗಂಡಸರಿಗೆ ಎಡಗೈ, ಹೆಂಗಸರಿಗೆ ಬಲಗೈ, ಹದಿನೈದು ವರ್ಷದ ಅಭ್ಯಾಸ. ಪಕ್ಕದಲ್ಲಿ 'ಆಂಜಿನಪ್ಪನ ಎಡಗೈ ಹೆಬ್ಬೆಟ್ಟಿನ ಗುರುತು' ಅಂತ ಬರೆದು, ಕೆಳಗೆ ಸಾಕ್ಷಿ ಅಂತ ಸಹಿಯನ್ನೂ ಹಾಕಿದ. ಮಾಲೀಕನಿಗೆ ಕನ್ನಡ ಓದಲು ಬಾರದು. ಇವನಿಗೆ ತಾನು ಬರೆದದ್ದನ್ನು ತಿರುಗಿ ಓದುವ ಅಭ್ಯಾಸ ಇಲ್ಲ. ಕಾಗದ ಕೋರ್ಟಿಗೆ ಹೋಯಿತು.

ಆ ರಾತ್ರಿ ಅದೇ ಖುಷಿಯಲ್ಲಿ ನಡೆಯುತ್ತಿದ್ದ ಮಾರಾಯ. ದಾರಿಯಲ್ಲಿ ಒಂದು ಪಾಳು ಬಾವಿ ಇದೆ, ನೀರು ಬತ್ತಿ ಎಷ್ಟೋ ಕಾಲವಾಗಿದೆ. ಬಾವಿ ಹತ್ತಿರ ಬರುವಾಗ ತಲೆ ಮೇಲೆ ಒಂದು ವಿಮಾನ 'ಗುಂಯ್' ಅಂತ ಇಳಿದು ಹೋಯಿತು. ಆ ಸದ್ದು ಅಡಗಿತು...

ಟಕ್.

ನಿಂತ.

ಧಡ್.

ಬಾವಿಯೊಳಗಿಂದ. ಮತ್ತೆ... ಟಕ್... ಧಡ್. ದಿನಾ ಕೇಳಿದ ಸದ್ದೇ. ಮಿಷಿನ್ ಎಣ್ಣೆಯ ವಾಸನೆ ಬಂತು. ಬಾವಿಕಟ್ಟೆಯ ಮೇಲೆ ಯಾರೋ ಕೂತಿದ್ದರು. ಎಡ ಮಣಿಕಟ್ಟಿಗೆ ಟವೆಲ್ ಸುತ್ತಿತ್ತು.

"ಸಾರ್..."

"ಯಾ... ಯಾರು?"

"ಆಂಜಿನಪ್ಪ ಸಾರ್... ನಾನು ಹೆಬ್ಬೆಟ್ಟು ಒತ್ತಿದ್ನಂತೆ?"

"ಓನರ್ ಹೇಳಿದ್ರು ಕಣಪ್ಪ... ನಂದೇನಿಲ್ಲ..."

ಬದುಕಿದ್ದಾಗ ಅವನನ್ನು ಲೇ ಅನ್ನುತ್ತಿದ್ದವನು, ಸತ್ತ ಮೇಲೆ ಅಪ್ಪ ಅಂದ. ನೋಡಿ ಯೋಗ್ಯತೆ.

ಕೂತವನು ಇನ್ನೂ ಮೆಲ್ಲಗೆ ಕೇಳಿದ.

"ಎಡಗೈ ಎಲ್ಲಿಂದ ತಂದ್ರಿ ಸಾರ್?"

ಆಗ ಹೊಳೆಯಿತು ಈ ಬುದ್ಧಿವಂತನಿಗೆ. ಕೈ ತುಂಡಾಯಿತು ಅಂತ ಬರೆದು, ಅದೇ ಕೈಯ ಹೆಬ್ಬೆಟ್ಟು ಅಂತ ಗುರುತು ಒತ್ತಿದ್ದ!

"ಒಸಿ ಕೊಡಿ ಸಾರ್... ನೋಡ್ತೀನಿ."

ಕೂತವನು ಅಲುಗಾಡಲಿಲ್ಲ. ಆದರೂ ಉಮಾಶಂಕರನ ಎಡ ಹೆಬ್ಬೆರಳನ್ನು ಏನೋ ತಣ್ಣಗೆ ಹಿಡಿಯಿತು. ಟಕ್ ಅಂತು... ಧಡ್ ಅನ್ನುವುದರೊಳಗೆ ಬೆರಳು ಕಿತ್ತುಕೊಂಡು ಓಡಿದ. ಒಂದು ಚಪ್ಪಲಿ ಅಲ್ಲೇ ಉಳಿಯಿತು.

ಮನೆಗೆ ಬಂದು ದೀಪ ಹಾಕಿ ಬೆರಳು ನೋಡಿಕೊಂಡ. ಗಾಯ ಇಲ್ಲ, ರಕ್ತ ಇಲ್ಲ, ನೋವೂ ಇಲ್ಲ. ಬೆಳಗಾಗುವಷ್ಟರಲ್ಲಿ ಧೈರ್ಯ ವಾಪಸ್ ಬಂತು. ಪಾಪಕ್ಕನಿಗೆ ಅನ್ಯಾಯ ಆಯಿತಲ್ಲ ಅಂತ ಒಂದು ಕ್ಷಣವಾದರೂ ಅನ್ನಿಸಿತೇ? ಇಲ್ಲ. ಸ್ನಾನ ಮಾಡುತ್ತಾ ಹೊಸ ಸುಳ್ಳು ಹೊಸೆದ. ಒತ್ತಿದ್ದು ಬಲಗೈಯೇ, ಎಡಗೈ ಅಂತ ಬರೆದದ್ದು ಕೈತಪ್ಪು ಅಂದರಾಯಿತು.

ಕೋರ್ಟಿನಲ್ಲಿ ಪಾಪಕ್ಕ ಮೂಲೆಯಲ್ಲಿ ನಿಂತಿದ್ದಳು. ಅವಳ ಲಾಯರು ಆ ಕಾಗದವನ್ನು ನಿಧಾನವಾಗಿ ಓದಿ, ಕನ್ನಡಕ ತೆಗೆದು, ಮೆಲ್ಲಗೆ ಕೇಳಿದರು.

"ಎಡಗೈ ಎಲ್ಲಿಂದ ತಂದ್ರಿ ಸಾರ್?"

ಉಮಾಶಂಕರ ಬಲಗೈ ಅನ್ನಲು ಬಾಯಿ ತೆರೆದ. ಅವನ ಬೆನ್ನ ಹಿಂದೆ...

ಟಕ್.

ಬೇರೆ ಯಾರೂ ತಿರುಗಿ ನೋಡಲಿಲ್ಲ. ಅವನು ಮಾತ್ರ ಕಾದ. ಧಡ್ ಬರಲಿಲ್ಲ... ಇನ್ನೂ ಬರಲಿಲ್ಲ...

"ನಂದೇ ಸ್ವಾಮಿ! ನನ್ ಹೆಬ್ಬೆಟ್ಟೇ! ಆಂಜಿನಪ್ಪಂಗೆ ಮೇವಿನ ಮಿಷಿನ್ನೂ ಇರ್ಲಿಲ್ಲ, ಹಸೂನೂ ಇರ್ಲಿಲ್ಲ..."

ಎಲ್ಲ ಕಕ್ಕಿದ. ಪಾಪಕ್ಕನಿಗೆ ಬಡ್ಡಿ ಸಮೇತ ಪರಿಹಾರ ಬಂತು. ಬಿರಿಯಾನಿ ತಿನ್ನಿಸಿದ ಮಾಲೀಕ ಅವತ್ತು ಸಂಜೆಯೇ ಇವನನ್ನು ಗೇಟಿನ ಆಚೆ ಹಾಕಿದ. ಸುಳ್ಳು ಕಾಗದದ ಕೇಸು ಇವನ ತಲೆ ಮೇಲೆ ಬಿತ್ತು. ಇವನಿಗಾಗಿ ಅಯ್ಯೋ ಅಂದವರು ಊರಲ್ಲಿ ಒಬ್ಬರೂ ಇಲ್ಲ, ನಾನೂ ಅನ್ನಲಿಲ್ಲ.

ನಂಬದಿದ್ದರೆ ಬಿಡಿ. ಆದರೆ ತಿಂಗಳ ಮೊದಲ ವಾರ ರೇಷನ್ ಅಂಗಡಿಗೆ ಹೋಗಿ ನೋಡಿ. ಬೆರಳಿಡುವ ಮಿಷಿನ್ ಇದೆಯಲ್ಲ, ಅದು ಉಮಾಶಂಕರನ ಒಂಬತ್ತು ಬೆರಳನ್ನೂ ತಗೊಳ್ಳುತ್ತೆ. ಎಡ ಹೆಬ್ಬೆರಳಿಟ್ಟರೆ ಕೆಂಪು ದೀಪ. ನಾನೇ ಆ ಬೆರಳನ್ನು ಬೆಳಕಿಗೆ ಹಿಡಿದು ನೋಡಿದ್ದೇನೆ. ಒಂದು ಗೆರೆಯೂ ಇಲ್ಲ. ಕೋರ್ಟಿನ ಕಾಗದದ ಮೇಲಿನ ನೀಲಿ ಗುರುತಿನಲ್ಲಿ ಮಾತ್ರ ಎಲ್ಲ ಗೆರೆಗಳೂ ಹಾಗೇ ಇವೆ.