ಚೊಂಗ್‌ಚಿಂಗ್‌ಗೆ ಎರಡು ಟಿಕೆಟ್

ಬಸ್ ನಿಲ್ದಾಣದ ಟಿಕೆಟ್ ಸಾಲಿನಲ್ಲಿ ಶೂಲಾನಳ ಮುಂದೆ ಒಬ್ಬ ಮುದುಕಿಯೂ ಆಕೆಯ ಸೊಸೆಯೂ ನಿಂತಿದ್ದರು. ಇಬ್ಬರೂ ಚೊಂಗ್‌ಚಿಂಗ್‌ಗೆ ಹೊರಟಿರುವುದು ಇದೇ ಮೊದಲು.

“ಆಸ್ಪತ್ರೆ ಗುಡ್ಡದ ಮೇಲಿದೆಯಂತೆ ಅತ್ತೆ. ರಸ್ತೆಯಿಂದ ಒಳಗೆ ಕಾಲಿಟ್ಟರೆ ಅದೇ ಎಂಟನೇ ಮಹಡಿಯಂತೆ.”

“ಎಂಟನೇ ಮಹಡಿಗೆ ಯಾರಾದ್ರೂ ರಸ್ತೆ ಹಾಕ್ತಾರೇನೇ? ನನ್ ಮಗ ಹೇಳಿದ್ದೆಲ್ಲ ನಂಬ್ತೀಯ!”

“ಇವರು ಹೇಳಿದ್ದಲ್ಲ, ಇವರ ಜೊತೆ ಮೂಟೆ ಹೊರೋರು ಹೇಳಿದ್ದು. ದೋಣಿ ಹತ್ತೋಕೆ ನದಿ ತನಕ ಬರೀ ಮೆಟ್ಟಿಲಂತೆ. ಅವರೇ ಇವರನ್ನ ಹೊತ್ತು ಇಳಿಸ್ತಾರಂತೆ.”

“ಅಲುಗಾಡಿಸಬೇಡಿ ಅಂತ ಹೇಳು. ಉಸಿರಿರೋವಾಗ್ಲೇ ಹೊಸ್ತಿಲು ದಾಟಿಸ್ಬೇಕು. ಹೊರಗೆ ಸತ್ತೋರನ್ನ ನಮ್ಮೂರಲ್ಲಿ ಒಳಗೆ ಬಿಟ್ಕೊಳ್ಳಲ್ಲ.”

“ನಾಳೆ ಸಂಜೆಯೊಳಗೆ ಮನೆ ಸೇರ್ತೀವಿ. ಡಾಕ್ಟರು ಇನ್ನೂ ಎರಡು ದಿನ ಟೈಮಿದೆ ಅಂದಿದ್ದಾರೆ.”

“ಮಂಚ ನಡುಮನೆಗೆ ಹಾಕಿಸಿದ್ದೀಯ ತಾನೇ?”

“ಹಾಕಿಸಿದ್ದೀನಿ.”

ಸೊಸೆಯ ಫೋನ್ ಬಡಿದುಕೊಂಡಿತು. ಆಸ್ಪತ್ರೆಯಿಂದ ಬಂದ ಕರೆ; ಆಕೆ ಕಿವಿಗಿಟ್ಟು ಕೇಳಿದಳು. ಎಷ್ಟು ಟಿಕೆಟ್ ಎಂದು ಕಿಟಕಿಯಾಚೆಯಿಂದ ಎರಡು ಸಲ ಕೇಳಿದರು. ಅವಳು ಅತ್ತೆಯ ತೋಳು ಹಿಡಿದು ಪಕ್ಕಕ್ಕೆ ಸರಿದು, ಶೂಲಾನಳ ಕಡೆ ತಿರುಗಿದಳು.

“ನೀವು ಮುಂದೆ ಹೋಗಿ. ನಮಗೆ ಅವಸರ ಇಲ್ಲ.”

“ಅವಸರ ಇಲ್ವಾ? ಬಸ್ಸು ತಪ್ಪಿ ಹೋಗುತ್ತಲ್ಲೇ!” ಎಂದು ಗೊಣಗುತ್ತಲೇ ಮುದುಕಿ ಸೊಸೆಯ ಹಿಂದೆ ಸಾಲಿನ ಕೊನೆಗೆ ನಡೆದಳು.