ಎರಡನೆಯ ಕಳ್ಳ

ಪರ್ಸ್ ಕಳೆದುಕೊಂಡ ದರ್ಜಿಯಾಕೆ ಠಾಣೆಯ ಬೆಂಚಿನ ಮೇಲೆ ಕೂತು ಕೂತು ಬೇರು ಬಿಡುವುದೊಂದು ಬಾಕಿ. ಪಕ್ಕದಲ್ಲಿ ಒಬ್ಬ ಹೆಂಗಸು, ಜೊತೆಗೆ ಅವಳ ಕೆಳಮನೆಯ ಹಿರಿಯರು. ಬೇಡವೆಂದರೂ ಅವರ ಮಾತು ದರ್ಜಿಯಾಕೆಯ ಕಿವಿಗೆ ಬೀಳುತ್ತಿತ್ತು.

“ವಾಷಿಂಗ್ ಮಷೀನ್ ಹೋಗಿ ತಿಂಗಳಾಯ್ತು ಅಂಕಲ್. ಒಬ್ಬ ಪೊಲೀಸೂ ಮನೆ ಕಡೆ ತಲೆ ಹಾಕಿಲ್ಲ.”

“ಬರ್ತಾರೆ ಬಿಡಮ್ಮ.”

“ಕೂತಲ್ಲೇ ಕಂಡುಹಿಡಿದುಬಿಟ್ರಲ್ಲ, ಕಳ್ಳರು ಇಬ್ಬರಂತೆ! ಅಷ್ಟು ಭಾರ ಒಬ್ಬನೇ ಮೆಟ್ಟಿಲು ಇಳಿಸೋಕಾಗಲ್ವಂತೆ.”

“ಹಾಗಂದ್ರಾ?”

“ಆ ಎರಡನೆಯವನ ಕೈ ಸೇದಿಹೋಗ!”

ಹಿರಿಯರು ಎರಡೂ ಕೈಗಳನ್ನು ತೊಡೆಯ ಕೆಳಗೆ ತೂರಿಸಿಕೊಂಡರು.

“ರಿಪೇರಿಯವನು ಅಂದ್ಕೊಂಡೆ ಕಣಮ್ಮ.”

“ಯಾರನ್ನ?”

“ಮೆಟ್ಟಿಲ ಮೇಲೆ ಒಬ್ಬನೇ ಏದುಸಿರು ಬಿಡ್ತಿದ್ದ. ‘ಒಂಚೂರು ಕೈ ಕೊಡಿ ಯಜಮಾನ್ರೇ’ ಅಂದ. ಕೊಟ್ಟೆ. ಗೋಡೆ ಬಣ್ಣ ಕೆರೀಬೇಡಪ್ಪಾ ಅಂತ ಬುದ್ಧೀನೂ ಹೇಳ್ದೆ.”

ಹೆಂಗಸು ಪೂರ್ತಿ ಅವರ ಕಡೆ ತಿರುಗಿದಳು. “ಚೆನ್ನಾಗೇ ಕೈ ಕೊಟ್ರಿ ಅಂಕಲ್.”

ಒಳಗಿಂದ ಪೊಲೀಸಿನವನು ಕೂಗಿದ. “ವಾಷಿಂಗ್ ಮಷೀನ್ ಯಾರದ್ದು? ಕಳ್ಳರನ್ನ ನೋಡಿದವ್ರು ಯಾರಾದ್ರೂ ಇದ್ದಾರಾ?”

ಹೆಂಗಸು ಏಳುವ ಮೊದಲೇ ಹಿರಿಯರು ಎದ್ದು ಒಳಗೆ ನಡೆದರು.

“ಒಬ್ಬನ್ನ ನೋಡಿದ್ದೀನಿ ಸಾರ್. ಇನ್ನೊಬ್ಬನ್ನ ಕರ್ಕೊಂಡೇ ಬಂದಿದ್ದೀನಿ.”