ಒಂದು ಲೋಪವನ್ನು ಹೊರತುಪಡಿಸಿ

ವೇದಿಕೆಯ ಮೇಲಿರುವ ಅಧ್ಯಕ್ಷರೇ, ಕೇಂದ್ರ ಕಚೇರಿಯಿಂದ ಬಂದಿರುವ ಅತಿಥಿಗಳೇ, ಗೋದಾಮಿನ ಸಹೋದ್ಯೋಗಿಗಳೇ, ಹಮಾಲರ ಸಂಘದ ಅಣ್ಣತಮ್ಮಂದಿರೇ, ಇಸ್ತ್ರಿ ಮಾಡಿದ ಅಂಗಿಯಲ್ಲಿ ಗುರುತೇ ಸಿಗದಂತೆ ಮುಂದಿನ ಸಾಲಿನಲ್ಲಿ ಕುಳಿತಿರುವ ನಮ್ಮ ಮೇಸ್ತ್ರಿಯವರೇ, ಮತ್ತು ಸಭಿಕರೇ,

ಇಂದು ನಿವೃತ್ತರಾಗುತ್ತಿರುವ ಹಮಾಲರ ಮೇಸ್ತ್ರಿಯವರಿಗೆ ಕೊಡುವ ಬೀಳ್ಕೊಡುಗೆ ಪತ್ರವನ್ನು ಓದುವುದಷ್ಟೇ ನನ್ನ ಕೆಲಸ. ಕಾರ್ಯಕ್ರಮದ ಪಟ್ಟಿಯಲ್ಲಿ ಅದಕ್ಕೆ ಎರಡು ನಿಮಿಷ ಎಂದಿದೆ. ಆದರೆ ನಾನು ಗುಣಮಟ್ಟ ಪರೀಕ್ಷಕ. ಯಾವುದನ್ನೂ ನೋಡದೆ ಹೊರಗೆ ಬಿಡುವ ಅಭ್ಯಾಸ ನನಗಿಲ್ಲ. ಬೆಳಿಗ್ಗೆ ಪತ್ರವನ್ನು ಓದಿದಾಗ ಅನ್ನದಲ್ಲಿ ಕಲ್ಲು ಸಿಕ್ಕಂತೆ ಒಂದು ವಾಕ್ಯ ಸಿಕ್ಕಿತು. ‘ಒಂದು ಲೋಪವನ್ನು ಹೊರತುಪಡಿಸಿ, ಇವರ ಮೂವತ್ತನಾಲ್ಕು ವರ್ಷಗಳ ಸೇವೆ ತೃಪ್ತಿಕರವಾಗಿತ್ತು.’

ಈ ವಾಕ್ಯ ಗಾಜಿನ ಚೌಕಟ್ಟಿನಲ್ಲಿ ಕೂತು ಮೇಸ್ತ್ರಿಯವರ ಮನೆಯ ಗೋಡೆಗೆ ಹೋಗುತ್ತದೆ. ಅವರ ಮೊಮ್ಮಗಳು ಈಗ ಅಕ್ಷರ ಕೂಡಿಸಿ ಓದುತ್ತಿದ್ದಾಳೆ. ನಾಳೆಯೋ ನಾಡಿದ್ದೋ ‘ತಾತ, ಲೋಪ ಅಂದ್ರೇನು?’ ಎಂದು ಕೇಳುತ್ತಾಳೆ. ಅವರು ಏನು ಹೇಳಬೇಕು? ಆ ಉತ್ತರ ಕೊಡಬೇಕಾದವನು ನಾನು. ಅದಕ್ಕೆ ಸ್ವಲ್ಪ ಹೆಚ್ಚು ಸಮಯ ಬೇಡುತ್ತೇನೆ.

ನಮ್ಮದು ಸರ್ಕಾರಿ ಧಾನ್ಯ ನಿಗಮ. ಸುಗ್ಗಿಯಲ್ಲಿ ಕೊಳ್ಳುತ್ತೇವೆ, ಜೋಪಾನ ಮಾಡುತ್ತೇವೆ, ಅಭಾವ ಬಂದಾಗ ಬಿಡುತ್ತೇವೆ. ಇದಕ್ಕೆ ಅತಿಥಿಗಳು ಈಗಷ್ಟೇ ಆಹಾರ ಭದ್ರತೆ ಎಂದರು. ಒಳ್ಳೆಯ ಮಾತು. ನನಗೆ ಆ ಮಾತು ಅರ್ಥವಾದದ್ದು ಸಭೆಗಳಲ್ಲಿ ಅಲ್ಲ, ಇಪ್ಪತ್ತೆರಡು ವರ್ಷಗಳ ಹಿಂದೆ, ಒಂದು ನ್ಯಾಯಬೆಲೆ ಅಂಗಡಿಯ ಕಟ್ಟೆಯ ಮುಂದೆ.

ಆ ವರ್ಷ ಪ್ರವಾಹಕ್ಕೆ ಸೇತುವೆ ಕೊಚ್ಚಿಹೋಗಿತ್ತು. ಪೇಟೆಯ ವರ್ತಕರು ಬಾಗಿಲು ಹಾಕಿ ಬೆಲೆ ಏರಲಿ ಎಂದು ಕಾಯುತ್ತಿದ್ದರು. ಊರಿಗೆಲ್ಲ ತೆರೆದಿದ್ದದ್ದು ನಮ್ಮ ಗೋದಾಮಿನ ಬಾಗಿಲೊಂದೇ. ನಾನು ಕೆಲಸಕ್ಕೆ ಸೇರಿ ಐದು ತಿಂಗಳಾಗಿತ್ತು, ಇನ್ನೂ ಕಾಯಂ ಆಗಿರಲಿಲ್ಲ. ನಾಲ್ಕನೇ ಶೆಡ್ಡಿನ ಮೂಲೆಯಲ್ಲಿ ಪೇರಿಸಿದ್ದ ಚೀಲಗಳ ಒಂದು ಅಟ್ಟಿಯ ಮೇಲೆ ಮಾಡು ಸೋರಿ ಅಕ್ಕಿಗೆ ಬೂಷ್ಟು ಹಿಡಿದಿತ್ತು. ನಿಯಮದಂತೆ ಅದರ ಮೇಲೆ ಸೀಮೆಸುಣ್ಣದಲ್ಲಿ ‘ಅನರ್ಹ’ ಎಂದು ಬರೆಯಬೇಕು. ನಾನು ‘ಅ’ ಎಂದು ಬರೆದೆ. ಪೂರ್ತಿ ಬರೆಯಲು ಏನಾಗಿತ್ತು? ಏನೂ ಆಗಿರಲಿಲ್ಲ. ಅವಸರ.

ನನಗೆ ಗೊತ್ತಿಲ್ಲದ ಸಂಗತಿ ಒಂದಿತ್ತು. ನನಗಿಂತ ಹಿಂದಿನ ಪರೀಕ್ಷಕರು ಒಂಬತ್ತು ವರ್ಷ ಒಳ್ಳೆಯ ಅಟ್ಟಿಗಳ ಮೇಲೆ ‘ಅ’ ಎಂದೇ ಬರೆಯುತ್ತಿದ್ದರು. ಅವರ ‘ಅ’ ಎಂದರೆ ‘ಅರ್ಹ’. ಅವರೂ ಅವಸರದವರೇ ಇರಬೇಕು. ಹಮಾಲರು ಒಂಬತ್ತು ವರ್ಷದ ವಾಡಿಕೆಯಂತೆ ಮುನ್ನೂರು ಚೀಲಗಳನ್ನು ಲಾರಿಗೆ ತುಂಬಿದರು. ಹನ್ನೊಂದು ಅಂಗಡಿಗಳಿಗೆ ಕಳಿಸಿದರು.

ನನಗೆ ತಿಳಿದದ್ದು ಮರುದಿನ ಬೆಳಿಗ್ಗೆ. ಖಾಲಿಯಾದ ಮೂಲೆ ಕಂಡು ಅಳುತ್ತಾ ಮೇಸ್ತ್ರಿಯವರ ಬಳಿಗೆ ಓಡಿದೆ. ಮೇಸ್ತ್ರಿಯವರು ಯಾರು, ಏಕೆ ಎಂದು ಕೇಳಲಿಲ್ಲ. “ಸಾರ್, ಅಳೋದು ಆಮೇಲೆ. ಲಾರಿ ಹತ್ತಿ” ಎಂದರು. ಅಂಗಡಿಯಿಂದ ಅಂಗಡಿಗೆ ಹೋಗಿ ಚೀಲ ಎಣಿಸಿ ವಾಪಸು ಹೊತ್ತರು. ಆರು ಚೀಲ ಮಾತ್ರ ಒಡೆದು ಹಂಚಿ ಆಗಿತ್ತು. ಆ ಅಂಗಡಿಯಲ್ಲಿ ಒಬ್ಬ ಅಜ್ಜಿ ಸೆರಗಿನಲ್ಲಿ ಅಕ್ಕಿ ಕಟ್ಟಿಕೊಂಡು ವಾಪಸು ಬಂದಿದ್ದರು. ನನ್ನ ಅಂಗೈ ಹಿಡಿದು ಒಂದು ಹಿಡಿ ಸುರಿದರು. “ಮೂಸಿ ನೋಡಪ್ಪ. ಇದನ್ನ ನಿಮ್ಮನೇಲಿ ಬೇಯಿಸ್ತೀರಾ?”

ವರ್ತಕನ ಅಕ್ಕಿ ಕೆಟ್ಟರೆ ಜನ ಬೇರೆ ಅಂಗಡಿಗೆ ಹೋಗುತ್ತಾರೆ. ನಮ್ಮ ಅಕ್ಕಿ ಕೆಟ್ಟರೆ ಆ ಅಜ್ಜಿ ಎಲ್ಲಿಗೆ ಹೋಗಬೇಕು? ಸರ್ಕಾರದ ಗೋದಾಮಿನ ಕೆಲಸ ಏನು ಎಂದು ಹೊಸ ಹುಡುಗರು ಕೇಳಿದಾಗಲೆಲ್ಲ ನಾನು ‘ಇದನ್ನ ನಿಮ್ಮನೇಲಿ ಬೇಯಿಸ್ತೀರಾ?’ ಎಂದೇ ಕೇಳುತ್ತೇನೆ. ಯಾರ ಪ್ರಶ್ನೆ, ಯಾರನ್ನು ಕೇಳಿದ್ದು ಎಂದು ಮಾತ್ರ ಇದುವರೆಗೂ ಹೇಳಿರಲಿಲ್ಲ.

ಮೇಸ್ತ್ರಿಯವರು ಆರೂ ಮಂದಿಯ ಮನೆಗೆ ಒಳ್ಳೆಯ ಅಕ್ಕಿ ತಾವೇ ಹೊತ್ತುಕೊಂಡು ಹೋಗಿ ಕೊಟ್ಟರು. ಕ್ಷಮಿಸಿ, ಆರು ಚೀಲ. ಮನೆಗಳು ಎಪ್ಪತ್ತರ ಹತ್ತಿರ. ಆತಂಕದಲ್ಲಿ ಈಗಲೂ ಲೆಕ್ಕ ತಪ್ಪುತ್ತೇನೆ. ಯಾರಿಗೂ ಕಾಯಿಲೆಯಾಗಲಿಲ್ಲ.

ವಾರದ ನಂತರ ವಿಚಾರಣೆ. ಆ ಅಟ್ಟಿ ಹೊರಗೆ ಹೋದದ್ದು ಹೇಗೆ ಎಂದು ಅಧಿಕಾರಿಗಳು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಮೇಸ್ತ್ರಿಯವರು ಎದ್ದು ನಿಂತರು. “ನಾನೇ ತಪ್ಪು ಓದಿದೆ ಸ್ವಾಮಿ. ನನಗೆ ಓದು ಬರಹ ಅಷ್ಟಕ್ಕಷ್ಟೆ.”

ಸಭಿಕರೇ, ಆ ಮನುಷ್ಯ ದಿನಾ ಊಟದ ಬಿಡುವಿನಲ್ಲಿ ಹಮಾಲರಿಗೆ ಪತ್ರಿಕೆಯನ್ನು ಮೊದಲ ಪುಟದಿಂದ ಔಷಧಿ ಜಾಹೀರಾತಿನವರೆಗೆ ಗಟ್ಟಿಯಾಗಿ ಓದುತ್ತಿದ್ದರು. ನಾನು ದಿನಾ ಕೇಳುತ್ತಿದ್ದೆ. ಆದರೂ ಸುಮ್ಮನೆ ಕುಳಿತೆ. ನನ್ನ ಹೆಂಡತಿಗೆ ಆಗ ಏಳು ತಿಂಗಳು. ಅವಳು ಮೂರನೇ ಸಾಲಿನಲ್ಲಿ ಕುಳಿತು ಇದನ್ನು ಇಂದೇ ಮೊದಲ ಸಲ ಕೇಳುತ್ತಿದ್ದಾಳೆ. ಮನೆಗೆ ಹೋದ ಮೇಲೆ ನನಗೆ ಇನ್ನೊಂದು ವಿಚಾರಣೆ ಇದೆ.

ಹೊರಗೆ ಬಂದ ಮೇಲೆ ಮೇಸ್ತ್ರಿಯವರು ನನಗೆ ಹೇಳಿದ್ದು ಒಂದೇ ಮಾತು: “ಸಾರ್, ಅಕ್ಷರ ಉಳಿಸಿದ್ರೆ ಸರ್ಕಾರಕ್ಕೇನೂ ಲಾಭ ಇಲ್ಲ. ಪೂರ್ತಿ ಬರೀರಿ.” ಅಂದಿನಿಂದ ಪೂರ್ತಿ ಬರೆಯುತ್ತಿದ್ದೇನೆ. ಆದರೆ ಅವರ ಕಡತದಲ್ಲಿ ‘ಓದು ಬಾರದು’ ಎಂದು ಸೇರಿತು. ಅದರಿಂದಾಗಿ ಮೂರು ಸಲ ಉಗ್ರಾಣಪಾಲಕರ ಹುದ್ದೆ ಅವರ ಕೈತಪ್ಪಿ, ಅವರು ಚೀಲ ಹೊರಲು ಕಲಿಸಿದವರಿಗೆ ಹೋಯಿತು. ಮೂರು ಸಲವೂ ನಾನು ಹೋಗಿ ಆ ಹೊಸಬರಿಗೆ ಶುಭಾಶಯ ಹೇಳಿ ಬಂದೆ.

ಮೇಸ್ತ್ರಿಯವರೇ, ಕೈ ಸನ್ನೆ ಮಾಡಿ ಕೂರಿ ಎನ್ನಬೇಡಿ. ಇಪ್ಪತ್ತೆರಡು ವರ್ಷ ಕೂತಿದ್ದಾಗಿದೆ.

ಅಧ್ಯಕ್ಷರೇ, ಆ ಲೋಪ ನನ್ನದು. ಹಾಗೆಂದು ಬರೆದು ಸಹಿ ಮಾಡಿದ ಕಾಗದ ನಿಮ್ಮ ಮುಂದಿನ ನೀರಿನ ಲೋಟದ ಕೆಳಗಿದೆ. ಅದರ ಮೇಲೆ ಯಾವ ಕ್ರಮವಾದರೂ ಆಗಲಿ. ಕಚೇರಿಯ ಬೆರಳಚ್ಚುಗಾರ್ತಿ ಆ ವಾಕ್ಯ ತೆಗೆದು ಇನ್ನೊಂದು ಪ್ರತಿ ಸಿದ್ಧ ಮಾಡಿ ಬಾಗಿಲ ಬಳಿ ನಿಂತಿದ್ದಾರೆ. ಅದಕ್ಕೆ ಬೇಕಾದದ್ದು ತಮ್ಮ ಸಹಿ ಒಂದೇ.

ಸಹಿಯಾದ ಮೇಲೆ ಅದನ್ನು ನಾನು ಓದುವುದಿಲ್ಲ. ಮೇಸ್ತ್ರಿಯವರೇ, ನೀವೇ ಇಲ್ಲಿಗೆ ಬಂದು, ಈ ಧ್ವನಿವರ್ಧಕದ ಮುಂದೆ ನಿಂತು, ಮೊದಲ ಸಾಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಬೇಕು. ಎಲ್ಲರೂ ಕೇಳಲಿ.

ಇಷ್ಟು ಹೊತ್ತು ತಾಳ್ಮೆಯಿಂದ ಕೇಳಿದ್ದಕ್ಕೆ ನಿಮಗೆಲ್ಲ ನನ್ನ ಕೃತಜ್ಞತೆ. ನಮಸ್ಕಾರ.